ಚಲಿಸುವ ಮನೆಗೆ ಸೂರ್ಯನ ವಿದ್ಯುತ್ತು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಹೆದ್ದಾರಿಗಳಲ್ಲಿ ಮನೆಯನ್ನೇ ಹೊತ್ತು ಸಾಗುವ ವಾಹನಗಳು ಬಹು ಸಾಮಾನ್ಯವಾದ ನೋಟ. ಇವುಗಳಲ್ಲಿ ಕೆಲವಕ್ಕೆ ತಮ್ಮದೇ ಆದ ಎಂಜಿನ್ ಉಂಟು. ಉಳಿದವನ್ನು ಮತ್ತೊಂದು ವಾಹನದ ಹಿಂದೆ ಕಟ್ಟಿ ಎಳೆಯಬೇಕು. ಎರಡು ಬಗೆಯವಕ್ಕೂ ಅಲ್ಲಿನ ಜನ ‘ಆರ್.ವಿ.’ ಎಂಬ ಒಂದೇ ಹೆಸರನ್ನು ಬಳಸುತ್ತಾರೆ; ವಿಹಾರಕ್ಕಾಗಿ ಇರುವ ವಾಹನ ಎಂಬುದು ಅದರ ಅರ್ಥ. ಒಳಗೆ ಹಾಸಿಗೆ, ಒಲೆ, ಫ್ರಿಜ್, ಸ್ನಾನದ ಕೋಣೆ, ನೀರಿನ ತೊಟ್ಟಿ ಎಲ್ಲವೂ ಇರುತ್ತವೆ. ಹಣ ತೆತ್ತು ತಂಗುವ ಸುಸಜ್ಜಿತ ಬಿಡಾರಗಳಲ್ಲಿ ವಾಹನದ ಪಕ್ಕದಲ್ಲಿಯೇ ವಿದ್ಯುತ್ತಿನ ಸಂಪರ್ಕ ದೊರೆಯುವುದರಿಂದ ಚಿಂತೆಯಿಲ್ಲ. ಆದರೆ ಮರುಭೂಮಿಯ ಅಥವಾ ಕಾಡಿನ ಏಕಾಂತವನ್ನು ಬಯಸಿ ಹೋದವರಿಗೆ ಕಂಬವೂ ಇಲ್ಲ, ತಂತಿಯೂ ಇಲ್ಲ. ಇಂಥ ವಾಸಕ್ಕೆ ‘ಬೂನ್‌ಡಾಕಿಂಗ್’ ಎಂದು ಹೆಸರು. ಬೆಟ್ಟ ಎಂಬ ಅರ್ಥವುಳ್ಳ ‘ಬುಂದೋಕ್’ ಎಂಬ ಫಿಲಿಪೀನ್ಸಿನ ತಗಾಲೊಗ್ ಭಾಷೆಯ ಶಬ್ದವೇ ಇದರ ಮೂಲ.

ಆರಿಜೋನಾ ಸಂಸ್ಥಾನದ ಕ್ವಾರ್ಟ್ಸೈಟ್ ಎಂಬ ಪುಟ್ಟ ಊರಿನ ಸುತ್ತಲಿನ ಮರುಭೂಮಿಯು ಈ ಬಗೆಯ ವಾಸಕ್ಕೆ ಹೆಸರಾದುದು. ಉತ್ತರ ಪ್ರಾಂತಗಳ ಹಿಮದಿಂದ ಪಾರಾಗಲು ಚಳಿಗಾಲದಲ್ಲಿ ಅಲ್ಲಿಗೆ ವಲಸೆ ಬರುವವರು ಅನೇಕರು. ಇವರಿಗಾಗಿ ಒಕ್ಕೂಟ ಸರ್ಕಾರದ ಭೂನಿರ್ವಹಣಾ ಇಲಾಖೆಯು ೧೯೮೩ರಲ್ಲಿ ದೀರ್ಘಕಾಲ ತಂಗುವ ಪ್ರದೇಶಗಳನ್ನು ಏರ್ಪಡಿಸಿತು. ಸೆಪ್ಟೆಂಬರ್ ೧೫ರಿಂದ ಏಪ್ರಿಲ್ ೧೫ರವರೆಗೆ ಅಲ್ಲಿ ಬೀಡುಬಿಡಬಹುದು. ಬಂದವರೆಲ್ಲರೂ ವಿಹಾರಾರ್ಥಿಗಳೇ ಎಂದು ತಿಳಿಯಬಾರದು. ಬಾಡಿಗೆ ಮನೆಯ ವೆಚ್ಚವನ್ನು ಭರಿಸಲಾರದೆ ವಾಹನವನ್ನೇ ಮನೆಯಾಗಿ ಮಾಡಿಕೊಂಡ ವೃದ್ಧರೂ ಅವರಲ್ಲಿ ಇದ್ದಾರೆ.

ಮರುಭೂಮಿಯಲ್ಲಿ ಹಗಲು ಹಿತವಾಗಿದ್ದರೂ ಡಿಸೆಂಬರ್ ತಿಂಗಳ ರಾತ್ರಿ ಬಹಳ ತಣ್ಣಗಿರುತ್ತದೆ. ವಾಹನವನ್ನು ಬೆಚ್ಚಗಿಡುವ ಕುಲುಮೆ ಅನಿಲದಿಂದ ಉರಿಯುವುದಾದರೂ ಬಿಸಿಗಾಳಿಯನ್ನು ಒಳಕ್ಕೆ ತಳ್ಳುವ ಫ್ಯಾನು ವಿದ್ಯುತ್ತಿನಿಂದ ತಿರುಗಬೇಕು. ಅದು ನಿಂತರೆ ಸುರಕ್ಷೆಯ ಸಲುವಾಗಿ ಅನಿಲದ ದಾರಿಯೂ ಮುಚ್ಚಿಹೋಗುತ್ತದೆ. ಮಧುಮೇಹದ ರೋಗಿಯೊಬ್ಬರ ಇನ್ಸುಲಿನ್ ಫ್ರಿಜ್ಜಿನಲ್ಲಿರಬಹುದು. ಒಡೆಯದ ಸೀಸೆಯನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಪಾಡಬೇಕು. ಬೆಳಗಿನ ಜಾವ ಮೂರು ಗಂಟೆಗೆ ವಿದ್ಯುತ್ತು ತೀರಿಹೋದರೆ ನೆರೆಯ ಊರು ಎಷ್ಟೋ ಮೈಲಿ ದೂರ. ಆದುದರಿಂದ ಇಂಥ ವಾಹನಕ್ಕೆ ಎಷ್ಟು ಸೌರಫಲಕ, ಎಷ್ಟು ಬ್ಯಾಟರಿ ಬೇಕೆಂಬ ಲೆಕ್ಕವು ಅಲಕ್ಷಿಸತಕ್ಕ ವಿಷಯವಲ್ಲ. ಪ್ರೌಢಶಾಲೆಯ ಭೌತವಿಜ್ಞಾನವನ್ನು ಓದಿದವರೆಲ್ಲರೂ ಈ ಲೆಕ್ಕವನ್ನು ಮಾಡಬಲ್ಲರು. ನಾವೀಗ ಅದನ್ನು ಹಂತಹಂತವಾಗಿ ಮಾಡಿ ನೋಡೋಣ.

ನಾಲ್ಕು ಅಂಗಗಳು

೧೯೫೪ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಚೇಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು ವಿಜ್ಞಾನಿಗಳು ಸಿಲಿಕಾನ್ ಧಾತುವಿನಿಂದ ಮಾಡಿದ ಸೌರಕೋಶವನ್ನು ಲೋಕಕ್ಕೆ ಪ್ರದರ್ಶಿಸಿದರು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು ೬ ಪಾಲನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ನಾಲ್ಕು ವರ್ಷಗಳ ಅನಂತರ, ೧೯೫೮ರ ಮಾರ್ಚ್ ೧೭ರಂದು ಹಾರಿದ ವ್ಯಾನ್‌ಗಾರ್ಡ್-೧ ಎಂಬ ಕೃತಕ ಉಪಗ್ರಹದಲ್ಲಿ ಎರಡು ರೇಡಿಯೋ ಪ್ರೇಷಕಗಳಿದ್ದವು. ಬ್ಯಾಟರಿಯೊಂದನ್ನೇ ನಂಬಿದ್ದ ಪ್ರೇಷಕವು ಆ ವರ್ಷದ ಜೂನ್ ತಿಂಗಳಲ್ಲಿ ಮೌನವಾಯಿತು. ಸೌರಕೋಶಗಳನ್ನು ನಂಬಿದ್ದುದು ೧೯೬೪ರವರೆಗೆ ಮಾತನಾಡಿತು. ತಂತಿಯಿಂದ ದೂರವಾದ ಪಯಣಿಗನಿಗೆ ಸೂರ್ಯನೇ ಆಸರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಚಲಿಸುವ ಮನೆಯ ವ್ಯವಸ್ಥೆಯಲ್ಲಿ ನಾಲ್ಕು ಅಂಗಗಳಿವೆ. ಬಿಸಿಲನ್ನು ವಿದ್ಯುತ್ತಾಗಿ ಮಾಡುವುದು ಸೌರಫಲಕ. ಅದನ್ನು ರಾತ್ರಿಗಾಗಿ ಕೂಡಿಡುವುದು ಬ್ಯಾಟರಿ. ಫಲಕಕ್ಕೂ ಬ್ಯಾಟರಿಗೂ ನಡುವೆ ನಿಂತು, ಬ್ಯಾಟರಿಗೆ ಅಜೀರ್ಣವಾಗದಂತೆ ನೋಡಿಕೊಳ್ಳುವುದು ನಿಯಂತ್ರಕ. ಬ್ಯಾಟರಿಯ ೧೨ ವೋಲ್ಟಿನ ಏಕಮುಖ ವಿದ್ಯುತ್ತನ್ನು ಅಮೆರಿಕದ ಮನೆಗಳಲ್ಲಿ ರೂಢಿಯಲ್ಲಿರುವ ೧೨೦ ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಪರಿವರ್ತಿಸುವುದು ಇನ್ವರ್ಟರು. ಕೊಳ್ಳುವವರು ಸಾಮಾನ್ಯವಾಗಿ ಫಲಕದಿಂದ ಆರಂಭಿಸುತ್ತಾರೆ. ಲೆಕ್ಕವಾದರೋ ಮತ್ತೊಂದು ತುದಿಯಿಂದ, ಎಂದರೆ ಖರ್ಚಿನಿಂದ ಆರಂಭವಾಗಬೇಕು.

ಮೊದಲು ಖರ್ಚಿನ ಲೆಕ್ಕ

ವಿದ್ಯುತ್ತನ್ನು ಬಳಸುವ ವೇಗಕ್ಕೆ ವಾಟ್ ಎಂದೂ, ಬಳಸಿದ ಒಟ್ಟು ಶಕ್ತಿಗೆ ವಾಟ್-ಗಂಟೆ ಎಂದೂ ಹೇಳುತ್ತೇವೆ. ಕೊಳಾಯಿಯಲ್ಲಿ ನೀರು ಬರುವ ರಭಸಕ್ಕೂ ಕೊಡದಲ್ಲಿ ತುಂಬಿದ ನೀರಿಗೂ ಇರುವ ವ್ಯತ್ಯಾಸವೇ ಇವೆರಡಕ್ಕೂ ಇದೆ. ವಾಟುಗಳನ್ನು ಗಂಟೆಗಳಿಂದ ಗುಣಿಸಿದರೆ ವಾಟ್-ಗಂಟೆ ದೊರೆಯುತ್ತದೆ. ಇಬ್ಬರು ವಾಸಿಸುವ ಒಂದು ವಾಹನದ ಚಳಿಗಾಲದ ಒಂದು ದಿನದ ಖರ್ಚನ್ನು ಹೀಗೆ ಕಲ್ಪಿಸಿಕೊಳ್ಳೋಣ:

ಐದು ಎಲ್.ಇ.ಡಿ. ದೀಪಗಳು, ತಲಾ ೪ ವಾಟ್, ೪ ಗಂಟೆ: ೮೦ ವಾಟ್-ಗಂಟೆ
ಫ್ರಿಜ್, ೫೦ ವಾಟ್, ಬಿಟ್ಟುಬಿಟ್ಟು ಒಟ್ಟು ೧೦ ಗಂಟೆ: ೫೦೦
ಕುಲುಮೆಯ ಫ್ಯಾನು, ೯೦ ವಾಟ್, ೪ ಗಂಟೆ: ೩೬೦
ನೀರಿನ ಪಂಪು, ೬೦ ವಾಟ್, ಅರ್ಧ ಗಂಟೆ: ೩೦
ಲ್ಯಾಪ್‌ಟಾಪ್, ೫೦ ವಾಟ್, ೪ ಗಂಟೆ: ೨೦೦
ಎರಡು ಮೊಬೈಲ್ ಫೋನುಗಳು: ೩೦
ಮೈಕ್ರೋವೇವ್ ಒಲೆ, ೧೫೦೦ ವಾಟ್, ೬ ನಿಮಿಷ: ೧೫೦
ಅನಿಲ ಸೋರಿಕೆಯನ್ನು ಗುರುತಿಸುವ ಸಾಧನ ಮೊದಲಾದವು, ೫ ವಾಟ್, ೨೪ ಗಂಟೆ: ೧೨೦

ಒಟ್ಟು ೧೪೭೦ ವಾಟ್-ಗಂಟೆ. ಇನ್ವರ್ಟರಿನ ಮೂಲಕ ಹಾದುಹೋಗುವ ವಿದ್ಯುತ್ತಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಶಾಖವಾಗಿ ವ್ಯಯವಾಗುವುದನ್ನು ಸೇರಿಸಿದರೆ ಖರ್ಚು ೧೫೦೦ ವಾಟ್-ಗಂಟೆಗಳಿಗಿಂತ ತುಸು ಹೆಚ್ಚಾಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ೧೫೦೦ ಎಂದು ಇಟ್ಟುಕೊಳ್ಳೋಣ.

ಈ ಪಟ್ಟಿಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೈಕ್ರೋವೇವ್ ಒಲೆಯ ೧೫೦೦ ವಾಟ್ ನಮ್ಮನ್ನು ಬೆಚ್ಚಿಸುತ್ತದೆ. ೫ ವಾಟಿನ ಚಿಕ್ಕ ಸಾಧನಗಳು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಆದರೂ ದಿನದ ಕೊನೆಗೆ ಇವೆರಡರ ಖರ್ಚೂ ಹೆಚ್ಚುಕಡಿಮೆ ಒಂದೇ. ಕಾಲವೆಂಬುದು ಸಣ್ಣದನ್ನು ದೊಡ್ಡದಾಗಿಸುತ್ತದೆ. ಎರಡನೆಯದಾಗಿ, ಹಳೆಯ ವಾಹನಗಳಲ್ಲಿದ್ದಂತೆ ತಲಾ ೧೮ ವಾಟಿನ ತಂತು ದೀಪಗಳನ್ನು ಬಳಸಿದ್ದರೆ ದೀಪಗಳ ಖರ್ಚು ೮೦ರ ಬದಲು ೩೬೦ ಆಗುತ್ತಿತ್ತು. ಫಲಕವನ್ನು ಹಿಗ್ಗಿಸುವುದಕ್ಕಿಂತ ಖರ್ಚನ್ನು ತಗ್ಗಿಸುವುದು ಅನೇಕ ವೇಳೆ ಸುಲಭ.

ರಾತ್ರಿಗೆ ಬೇಕಾದ ಸಂಗ್ರಹ

ಸತತವಾಗಿ ಎರಡು ದಿನ ಮೋಡ ಕವಿದರೂ ಕಷ್ಟಕ್ಕೆ ಸಿಲುಕಬಾರದೆಂದರೆ ೩೦೦೦ ವಾಟ್-ಗಂಟೆಗಳಷ್ಟು ಶಕ್ತಿ ಬ್ಯಾಟರಿಯಿಂದ ದೊರೆಯಬೇಕು. ಬ್ಯಾಟರಿಯ ಮೇಲೆ ಬರೆದಿರುವುದು ಆಂಪಿಯರ್-ಗಂಟೆ. ಅದನ್ನು ವೋಲ್ಟಿನಿಂದ ಗುಣಿಸಿದರೆ ವಾಟ್-ಗಂಟೆ ಬರುತ್ತದೆ. ೧೨ ವೋಲ್ಟಿನ, ೧೦೦ ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿ ೧೨೦೦ ವಾಟ್-ಗಂಟೆಗಳಿವೆ ಎಂದಾಯಿತು. ಆದರೆ ಅಷ್ಟನ್ನೂ ಬಳಸಿಕೊಳ್ಳುವಂತಿಲ್ಲ. ಸೀಸ-ಆಮ್ಲ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಂದುತ್ತದೆ. ಪೂರ್ತಿಯಾಗಿ ತುಂಬದೆ ಬಿಟ್ಟರೂ ಕೇಡೇ. ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಕೂತುಬಿಡುತ್ತವೆ. ಕೊನೆಯ ಐದನೆಯ ಒಂದು ಭಾಗವು ಬಹು ನಿಧಾನವಾಗಿ ತುಂಬುವುದರಿಂದ ಚಳಿಗಾಲದ ಕಿರುಹಗಲಿನಲ್ಲಿ ಈ ಕೇಡು ಸುಲಭವಾಗಿ ಒದಗುತ್ತದೆ. ಹೀಗಿರಲು, ಒಂದು ಬ್ಯಾಟರಿಯಿಂದ ಬಳಕೆಗೆ ದೊರೆಯುವುದು ೬೦೦ ವಾಟ್-ಗಂಟೆ ಮಾತ್ರ. ನಮಗೆ ಐದು ಬ್ಯಾಟರಿಗಳು ಬೇಕು. ಒಂದೊಂದರ ತೂಕ ೨೮ ಕಿಲೋಗ್ರಾಂ ಎಂದರೂ ಒಟ್ಟು ೧೪೦ ಕಿಲೋಗ್ರಾಂ.

ಇದಕ್ಕೆ ಬದಲಾಗಿ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯನ್ನು ಆರಿಸಿಕೊಳ್ಳಬಹುದು. ಈ ಫಾಸ್ಫೇಟನ್ನು ಬ್ಯಾಟರಿಯ ಧನಧ್ರುವವಾಗಿ ಬಳಸಬಹುದೆಂಬುದನ್ನು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಅವರು ೧೯೯೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದರು. ಲಿಥಿಯಂ-ಅಯಾನ್ ಬ್ಯಾಟರಿಗಳ ಸಂಶೋಧನೆಗಾಗಿ ೨೦೧೯ರಲ್ಲಿ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಗುಡ್‌ಇನಫ್ ಒಬ್ಬರು. ಇಂಥ ೧೦೦ ಆಂಪಿಯರ್-ಗಂಟೆಯ ಬ್ಯಾಟರಿಯ ವೋಲ್ಟೇಜು ೧೨.೮, ಆದುದರಿಂದ ೧೨೮೦ ವಾಟ್-ಗಂಟೆ. ನೂರಕ್ಕೆ ೮೦ ಪಾಲನ್ನು ನಿರ್ಭಯವಾಗಿ ಬಳಸಬಹುದು. ಮೂರು ಬ್ಯಾಟರಿಗಳಿಂದ ೩೦೭೨ ವಾಟ್-ಗಂಟೆ ದೊರೆಯುತ್ತದೆ. ಒಂದೊಂದು ಸುಮಾರು ೧೨ ಕಿಲೋಗ್ರಾಂ ತೂಗುವುದರಿಂದ ಒಟ್ಟು ಭಾರ ೩೬ ಕಿಲೋಗ್ರಾಂ ಮಾತ್ರ. ವಾಹನವು ಹೊರಬಲ್ಲ ತೂಕಕ್ಕೆ ಮಿತಿ ಇರುವುದರಿಂದ ಉಳಿದ ೧೦೪ ಕಿಲೋಗ್ರಾಂ ಎಂದರೆ ಅಷ್ಟೇ ಲೀಟರು ಕುಡಿಯುವ ನೀರು ಎಂಬುದನ್ನು ಮರೆಯಬಾರದು.

ಹಾಗಾದರೆ ಸೀಸವನ್ನು ಯಾರು ತಾನೇ ಕೊಳ್ಳುತ್ತಾರೆ? ಎರಡು ಕಾರಣಗಳಿಂದ ಕೊಳ್ಳುವವರಿದ್ದಾರೆ. ಮೊದಲ ಬೆಲೆ ಅದಕ್ಕೆ ಕಡಿಮೆ. ಚಳಿಯ ಸಂಗತಿ ಮತ್ತೊಂದು. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ಲಿಥಿಯಂ ಬ್ಯಾಟರಿಗೆ ವಿದ್ಯುತ್ತನ್ನು ತುಂಬಬಾರದು. ತುಂಬಿದರೆ ಲಿಥಿಯಂ ಅಯಾನುಗಳು ಋಣಧ್ರುವದ ಒಳಹೊಗದೆ ಅದರ ಮೇಲೆ ಲೋಹವಾಗಿ ಲೇಪಗೊಂಡು ಬ್ಯಾಟರಿಯನ್ನು ಶಾಶ್ವತವಾಗಿ ಕೆಡಿಸುತ್ತವೆ. ಆದುದರಿಂದ ಬೆಟ್ಟದ ಮೇಲಿನ ಹಿಮದಲ್ಲಿ ತಂಗುವವರು ಬ್ಯಾಟರಿಯನ್ನು ವಾಹನದ ಬೆಚ್ಚಗಿನ ಒಳಭಾಗದಲ್ಲಿ ಇರಿಸಬೇಕು, ಅಥವಾ ಚಳಿಯಲ್ಲಿ ತಾನಾಗಿಯೇ ತುಂಬುವಿಕೆಯನ್ನು ತಡೆಯುವ ಏರ್ಪಾಡುಳ್ಳ ಬ್ಯಾಟರಿಯನ್ನು ಆರಿಸಬೇಕು.

ಫಲಕ ಎಷ್ಟು ದೊಡ್ಡದಿರಬೇಕು?

ಒಂದು ಫಲಕ ೨೦೦ ವಾಟಿನದು ಎಂದರೆ, ಚದರ ಮೀಟರಿಗೆ ೧೦೦೦ ವಾಟ್ ಬಿಸಿಲು ಬಿದ್ದಾಗ, ಕೋಶಗಳ ಉಷ್ಣತೆ ೨೫ ಡಿಗ್ರಿ ಇದ್ದಾಗ ಅದು ೨೦೦ ವಾಟ್ ಕೊಡುತ್ತದೆ ಎಂದರ್ಥ. ಬಿಸಿಲಿನ ಐದನೆಯ ಒಂದು ಪಾಲನ್ನು ಪರಿವರ್ತಿಸುವ ಈಗಿನ ಫಲಕವು ಇದಕ್ಕೆ ಸುಮಾರು ಒಂದು ಚದರ ಮೀಟರ್ ವಿಸ್ತಾರವಾಗಿರಬೇಕು. ಅಂಥ ಪೂರ್ಣ ಬಿಸಿಲು ದಿನವೆಲ್ಲ ಇರುವುದಿಲ್ಲವಷ್ಟೆ. ಬೆಳಗಿನಿಂದ ಸಂಜೆಯವರೆಗೆ ಏರಿ ಇಳಿಯುವ ಬಿಸಿಲನ್ನೆಲ್ಲ ಕೂಡಿಸಿ, ಅದು ಎಷ್ಟು ಗಂಟೆಗಳ ಪೂರ್ಣ ಬಿಸಿಲಿಗೆ ಸಮನೆಂದು ಲೆಕ್ಕ ಹಾಕುವುದು ವಾಡಿಕೆ.

ಕ್ವಾರ್ಟ್ಸೈಟ್ ಇರುವುದು ೩೩.೭ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ೨೧ರ ನಡುಹಗಲಿನಲ್ಲಿ ಸೂರ್ಯನು ಅಲ್ಲಿ ದಿಗಂತದಿಂದ ಕೇವಲ ೩೩ ಡಿಗ್ರಿ ಎತ್ತರದಲ್ಲಿರುತ್ತಾನೆ. ವಾಹನದ ಮಾಳಿಗೆಯ ಮೇಲೆ ಅಡ್ಡಲಾಗಿ ಮಲಗಿಸಿದ ಫಲಕಕ್ಕೆ ಬಿಸಿಲು ಓರೆಯಾಗಿ ಬೀಳುವುದರಿಂದ, ನೇರಬಿಸಿಲಿನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಅದರ ಪಾಲಿಗೆ ಬರುತ್ತದೆ. ೩೩ ಡಿಗ್ರಿಯ ಸೈನ್ ೦.೫೪ ಎಂಬುದನ್ನು ವಿದ್ಯಾರ್ಥಿಗಳು ಕೋಷ್ಟಕದಲ್ಲಿ ನೋಡಿ ತಿಳಿಯಬಹುದು. ದಕ್ಷಿಣ ಆರಿಜೋನಾದ ಡಿಸೆಂಬರಿನಲ್ಲಿ ಮಲಗಿಸಿದ ಫಲಕಕ್ಕೆ ದಿನಕ್ಕೆ ಸುಮಾರು ೩ ಪೂರ್ಣಬಿಸಿಲಿನ ಗಂಟೆಗಳೂ, ದಕ್ಷಿಣಕ್ಕೆ ಮುಖಮಾಡಿ ತಕ್ಕಷ್ಟು ಎತ್ತಿ ನಿಲ್ಲಿಸಿದ ಫಲಕಕ್ಕೆ ಸುಮಾರು ೫ ಗಂಟೆಗಳೂ ಲಭಿಸುತ್ತವೆ. ನಮ್ಮ ಬೆಂಗಳೂರು ೧೩ ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಅದೇ ದಿನ ಇಲ್ಲಿ ಸೂರ್ಯನು ಸುಮಾರು ೫೩ ಡಿಗ್ರಿ ಮೇಲೇರುತ್ತಾನೆ. ಫಲಕವನ್ನು ಮಲಗಿಸಿದರೂ ನಷ್ಟ ಅಷ್ಟಾಗಿ ತೋರದು.

ಶಾಖ, ಧೂಳು, ತಂತಿ, ನಿಯಂತ್ರಕ, ಬ್ಯಾಟರಿ, ಇವೆಲ್ಲವುಗಳಲ್ಲಿ ಆಗುವ ನಷ್ಟಕ್ಕೆ ನಾಲ್ಕನೆಯ ಒಂದು ಪಾಲನ್ನು ಬಿಡೋಣ. ಬಳಕೆಗೆ ೧೫೦೦ ಬೇಕಾದರೆ ಫಲಕದಲ್ಲಿ ೨೦೦೦ ವಾಟ್-ಗಂಟೆ ಹುಟ್ಟಬೇಕು. ೫ ಗಂಟೆಗಳಿಂದ ಭಾಗಿಸಿದರೆ ೪೦೦ ವಾಟ್. ೩ ಗಂಟೆಗಳಿಂದ ಭಾಗಿಸಿದರೆ ಸುಮಾರು ೬೭೦ ವಾಟ್. ಎತ್ತಿ ನಿಲ್ಲಿಸುವವರಿಗೆ ಎರಡು ಫಲಕಗಳು ಸಾಕು. ಮಲಗಿಸುವವರಿಗೆ ನಾಲ್ಕು ಬೇಕು. ಯಾವುದು ಮೇಲು? ಪ್ರತಿದಿನ ಊರು ಬದಲಿಸುವವರು ಮಾಳಿಗೆ ಹತ್ತಿ ಇಳಿಯುವ ತೊಂದರೆಯನ್ನು ಬಯಸುವುದಿಲ್ಲ. ಎತ್ತಿದ ಫಲಕವನ್ನು ಬಿರುಗಾಳಿ ಕಿತ್ತೊಗೆಯುವ ಭಯವೂ ಉಂಟು. ಒಂದೇ ಕಡೆ ವಾರಗಟ್ಟಲೆ ನಿಲ್ಲುವವರಿಗೆ ಎತ್ತುವ ಚೌಕಟ್ಟು, ಅಥವಾ ನೆಲದ ಮೇಲಿಡುವ ಫಲಕ ಲಾಭಕರ. ನೆಲದ ಫಲಕವಿದ್ದರೆ ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ ಫಲಕವನ್ನು ಮಾತ್ರ ಬಿಸಿಲಿನಲ್ಲಿ ಇಡಬಹುದು.

ನೆರಳು ಮತ್ತು ಶಾಖ

ಒಂದು ಸಿಲಿಕಾನ್ ಕೋಶದ ವೋಲ್ಟೇಜು ಸುಮಾರು ಅರ್ಧ ವೋಲ್ಟ್ ಮಾತ್ರ. ಇಂಥ ೩೬ ಕೋಶಗಳನ್ನು ಸರಪಳಿಯಂತೆ ಶ್ರೇಣಿಯಲ್ಲಿ ಜೋಡಿಸಿದರೆ ಸುಮಾರು ೧೮ ವೋಲ್ಟ್ ಬರುತ್ತದೆ. ಶ್ರೇಣಿಯಲ್ಲಿ ಎಲ್ಲ ಕೋಶಗಳ ಮೂಲಕವೂ ಒಂದೇ ಪ್ರವಾಹ ಹರಿಯಬೇಕು. ಒಂದು ಕೋಶದ ಮೇಲೆ ಒಣಗಿದ ಎಲೆ ಬಿದ್ದರೆ ಅದು ಉಳಿದವುಗಳ ದಾರಿಯನ್ನೂ ಕಟ್ಟಿಹಾಕುತ್ತದೆ. ಮೇಲಾಗಿ ತಾನೇ ಕಾದು ಕೆಡುತ್ತದೆ. ಇದನ್ನು ತಪ್ಪಿಸಲು ಸಾಮಾನ್ಯವಾಗಿ ೧೮ ಕೋಶಗಳಿಗೊಂದರಂತೆ ಡಯೋಡನ್ನು ಜೋಡಿಸಿರುತ್ತಾರೆ. ಅದು ಪ್ರವಾಹಕ್ಕೆ ಬಳಸುದಾರಿ. ಆದರೆ ಆ ದಾರಿ ತೆರೆದಾಗ ಅರ್ಧ ಫಲಕವೇ ಲೆಕ್ಕದಿಂದ ಹೊರಗುಳಿಯುತ್ತದೆ. ಉಳಿದ ಅರ್ಧದ ೯ ವೋಲ್ಟಿನಿಂದ ೧೨ ವೋಲ್ಟಿನ ಬ್ಯಾಟರಿಯನ್ನು ತುಂಬುವಂತಿಲ್ಲ. ಒಂದು ಎಲೆ ಇಡೀ ಫಲಕವನ್ನು ನಿಷ್ಪ್ರಯೋಜಕವಾಗಿಸುವ ಬಗೆ ಇದು. ಆದುದರಿಂದ ಮಾಳಿಗೆಯ ಮೇಲಿನ ಹವಾನಿಯಂತ್ರಕದ ನೆರಳು ಎಲ್ಲಿ ಬೀಳುತ್ತದೆಂದು ನೋಡಿಯೇ ಫಲಕವನ್ನು ಕೂರಿಸಬೇಕು. ನೆರಳು ತಪ್ಪದಿರುವಲ್ಲಿ ಫಲಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಂದರ ಕಷ್ಟ ಮತ್ತೊಂದಕ್ಕೆ ತಟ್ಟುವುದಿಲ್ಲ.

ಬಿಸಿಲು ಬೇಕು, ಬಿಸಿ ಬೇಡ ಎಂಬುದು ಸೌರಕೋಶದ ಸ್ವಭಾವ. ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆಯೂ ಅದರ ಸಾಮರ್ಥ್ಯ ನೂರಕ್ಕೆ ಸುಮಾರು ೦.೪ರಷ್ಟು ಇಳಿಯುತ್ತದೆ. ಕೋಶವು ೫೦ ಡಿಗ್ರಿಗೆ ಕಾದರೆ ಹತ್ತನೆಯ ಒಂದು ಪಾಲು ನಷ್ಟ. ಫಲಕಕ್ಕೂ ಮಾಳಿಗೆಗೂ ನಡುವೆ ಗಾಳಿಯಾಡಲು ಸ್ಥಳ ಬಿಡುವುದು ಈ ಕಾರಣದಿಂದಲೇ.

ನಿಯಂತ್ರಕದ ಆಯ್ಕೆ

ನಿಯಂತ್ರಕಗಳಲ್ಲಿ ಎರಡು ಬಗೆ. ಅಗ್ಗದ ಬಗೆಯದು ಫಲಕವನ್ನು ಬ್ಯಾಟರಿಗೆ ನೇರವಾಗಿ ಸೇರಿಸಿ, ಬಿಡಿಸಿ, ಹೀಗೆ ಅತಿ ಶೀಘ್ರವಾಗಿ ಮಾಡುತ್ತ ಪ್ರವಾಹವನ್ನು ಹತೋಟಿಯಲ್ಲಿಡುತ್ತದೆ. ಆಗ ಫಲಕವು ಬ್ಯಾಟರಿಯ ವೋಲ್ಟೇಜಿಗೆ ತಗ್ಗಬೇಕಾಗುತ್ತದೆ. ೧೮ ವೋಲ್ಟ್, ೧೧ ಆಂಪಿಯರ್ ಕೊಡಬಲ್ಲ ಫಲಕದ ಸಾಮರ್ಥ್ಯ ೧೯೮ ವಾಟ್. ೧೩ ವೋಲ್ಟಿನ ಬ್ಯಾಟರಿಗೆ ಕಟ್ಟಿದಾಗ ೧೩ನ್ನು ೧೧ರಿಂದ ಗುಣಿಸಿ ೧೪೩ ವಾಟ್ ಮಾತ್ರ. ಎರಡನೆಯ ಬಗೆಯದು ‘ಎಂ.ಪಿ.ಪಿ.ಟಿ.’ ಎಂದು ಹೆಸರಾದುದು. ಅದು ಫಲಕದಿಂದ ಅತ್ಯಧಿಕ ಶಕ್ತಿ ದೊರೆಯುವ ವೋಲ್ಟೇಜನ್ನು ಸದಾ ಹುಡುಕುತ್ತಿದ್ದು, ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಪ್ರವಾಹವಾಗಿ ಮಾರ್ಪಡಿಸುತ್ತದೆ. ಫಲಕವು ತಣ್ಣಗಿರುವ ಚಳಿಗಾಲದಲ್ಲಿ ಇದರ ಲಾಭ ಅಧಿಕ. ಫಲಕ ಕಾದು ಅದರ ವೋಲ್ಟೇಜು ತಾನಾಗಿಯೇ ಇಳಿದಾಗ ಕಡಿಮೆ. ನಮ್ಮ ಉದಾಹರಣೆಯ ೪೦೦ ವಾಟಿಗೆ ಇದೇ ತಕ್ಕುದು. ಆದರೆ ಫಲಕಗಳನ್ನು ಶ್ರೇಣಿಯಲ್ಲಿ ಜೋಡಿಸುವಾಗ, ಚಳಿಯ ಮುಂಜಾನೆಯಲ್ಲಿ ಅವುಗಳ ವೋಲ್ಟೇಜು ಏರುವುದನ್ನೂ ಲೆಕ್ಕಕ್ಕೆ ತಂದು, ಒಟ್ಟು ಮೊತ್ತವು ನಿಯಂತ್ರಕದ ಮಿತಿಯನ್ನು ದಾಟದಂತೆ ನೋಡಿಕೊಳ್ಳಬೇಕು.

ತಂತಿಯೊಳಗಿನ ಅಪಾಯ

ಮೈಕ್ರೋವೇವ್ ಒಲೆಯ ೧೫೦೦ ವಾಟಿಗೆ ೧೨೦ ವೋಲ್ಟಿನಲ್ಲಿ ೧೨.೫ ಆಂಪಿಯರ್ ಸಾಕು. ೧೨ ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರಿಗೆ ಹರಿಯಬೇಕಾದುದು ೧೨೫ ಆಂಪಿಯರ್. ಇನ್ವರ್ಟರಿನ ನಷ್ಟ ಸೇರಿದರೆ ಇನ್ನೂ ಹೆಚ್ಚು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಹತ್ತು ಪಟ್ಟಾದರೆ ಶಾಖ ನೂರು ಪಟ್ಟು. ತಂತಿಯ ರೋಧ ಒಂದು ಓಮಿನ ಸಾವಿರದಲ್ಲಿ ಎರಡು ಭಾಗದಷ್ಟೇ ಇದ್ದರೂ ೧೨೫ ಆಂಪಿಯರಿಗೆ ೩೧ ವಾಟ್ ಶಾಖ ಹುಟ್ಟುತ್ತದೆ. ತೆಳುವಾದ ತಂತಿಯಾದರೆ, ಅಥವಾ ಸಡಿಲವಾದ ತಿರುಪಾದರೆ ಮರದ ಗೋಡೆಗೆ ಬೆಂಕಿ ಹತ್ತಬಹುದು. ಆದುದರಿಂದ ಇನ್ವರ್ಟರನ್ನು ಬ್ಯಾಟರಿಯ ಸಮೀಪದಲ್ಲಿಯೇ ಇಟ್ಟು ದಪ್ಪವಾದ, ಗಿಡ್ಡವಾದ ತಾಮ್ರದ ತಂತಿಯಿಂದ ಜೋಡಿಸಬೇಕು. ಬ್ಯಾಟರಿಯ ಧನಧ್ರುವಕ್ಕೆ ಆದಷ್ಟು ಹತ್ತಿರದಲ್ಲಿ ಫ್ಯೂಸು ಇರಲೇಬೇಕು.

ಮತ್ತೊಂದು ಅಪಾಯವೂ ಉಂಟು. ಬ್ಯಾಟರಿ ಬರಿದಾದಾಗ ಕೆಲವರು ಪೆಟ್ರೋಲಿನ ಜನರೇಟರನ್ನು ಹಚ್ಚುತ್ತಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರು ಏಳದೆಯೇ ಹೋಗಬಹುದು. ಅದನ್ನು ಕಿಟಕಿಯ ಬಳಿ ಇಡಬಾರದು; ಮಲಗಿರುವಾಗ ನಡೆಸಲೂ ಬಾರದು. ಸೋರಿಕೆಯನ್ನು ಗುರುತಿಸುವ ೫ ವಾಟಿನ ಸಾಧನಗಳನ್ನು ಮಿತವ್ಯಯದ ನೆಪದಿಂದ ಆರಿಸಲೇಕೂಡದೆಂಬುದಕ್ಕೆ ಕಾರಣ ಇದೇ.

ಸಾಧ್ಯತೆಯ ಮೇರೆ

ನಮ್ಮ ಲೆಕ್ಕದ ಫಲಿತಾಂಶ ಹೀಗಿದೆ: ಎತ್ತಿ ನಿಲ್ಲಿಸುವ ೪೦೦ ವಾಟಿನ ಫಲಕಗಳು, ೧೦೦ ಆಂಪಿಯರ್-ಗಂಟೆಯ ಮೂರು ಲಿಥಿಯಂ ಬ್ಯಾಟರಿಗಳು, ಒಂದು ಎಂ.ಪಿ.ಪಿ.ಟಿ. ನಿಯಂತ್ರಕ, ೧೫೦೦ ವಾಟಿಗಿಂತ ಸ್ವಲ್ಪ ಹೆಚ್ಚಿನ ಸಾಮರ್ಥ್ಯದ ಇನ್ವರ್ಟರು. ಇವುಗಳಿಂದ ಇಬ್ಬರು ಚಳಿಗಾಲವನ್ನು ನೆಮ್ಮದಿಯಿಂದ ಕಳೆಯಬಹುದು. ಹವಾನಿಯಂತ್ರಕವನ್ನೂ ನಡೆಸಬಹುದೇ ಎಂದು ಯಾರಾದರೂ ಕೇಳಬಹುದು. ೧೫೦೦ ವಾಟಿನ ಹವಾನಿಯಂತ್ರಕ ೬ ಗಂಟೆ ನಡೆದರೆ ೯೦೦೦ ವಾಟ್-ಗಂಟೆ; ಮಿಕ್ಕೆಲ್ಲ ಖರ್ಚಿನ ಆರು ಪಟ್ಟು. ಆರಿಜೋನಾದ ವಲಸಿಗರು ಇದಕ್ಕೆ ಸುಲಭವಾದ ಉಪಾಯವನ್ನು ಕಂಡುಕೊಂಡಿದ್ದಾರೆ. ಬೇಸಗೆ ಬಂದೊಡನೆ ಅವರು ಮನೆಯನ್ನೇ ತಂಪಾದ ಬೆಟ್ಟಗಳಿಗೆ ಓಡಿಸಿಕೊಂಡು ಹೋಗುತ್ತಾರೆ. ಚಕ್ರಗಳಿರುವ ಮನೆಗೆ ಈ ಅನುಕೂಲ ಉಂಟು.

ಈ ಲೆಕ್ಕದ ಕ್ರಮವು ಆರಿಜೋನಾಕ್ಕೆ ಮಾತ್ರ ಮೀಸಲಾದುದಲ್ಲ. ವಾಚಕರು ಅಭ್ಯಾಸಕ್ಕಾಗಿ ಈ ಪ್ರಶ್ನೆಯನ್ನು ಬಿಡಿಸಿ ನೋಡಬಹುದು. ಹಳ್ಳಿಗಳಲ್ಲಿ ಸಂಚರಿಸುವ ಒಂದು ಚಿಕಿತ್ಸಾ ವಾಹನದಲ್ಲಿ ಲಸಿಕೆಯ ಫ್ರಿಜ್ ೬೦ ವಾಟಿನಂತೆ ಒಟ್ಟು ೧೦ ಗಂಟೆಯೂ, ೫ ವಾಟಿನ ನಾಲ್ಕು ದೀಪಗಳು ೬ ಗಂಟೆಯೂ, ೫೦ ವಾಟಿನ ಎರಡು ಕಂಪ್ಯೂಟರುಗಳು ೪ ಗಂಟೆಯೂ ನಡೆಯುತ್ತವೆ. ದಿನಕ್ಕೆ ೪.೫ ಪೂರ್ಣಬಿಸಿಲಿನ ಗಂಟೆಗಳಿವೆ; ನಷ್ಟ ನಾಲ್ಕನೆಯ ಒಂದು ಪಾಲು. ಫಲಕ ಎಷ್ಟು ವಾಟಿನದಿರಬೇಕು? ಒಂದೂವರೆ ದಿನದ ಸಂಗ್ರಹಕ್ಕೆ ೧೨೮೦ ವಾಟ್-ಗಂಟೆಯ ಲಿಥಿಯಂ ಬ್ಯಾಟರಿಗಳು ಎಷ್ಟು ಬೇಕು? ಸುಮಾರು ೩೩೦ ವಾಟ್ ಮತ್ತು ಎರಡು ಬ್ಯಾಟರಿಗಳು ಎಂಬ ಉತ್ತರ ಬಂದವರು ಈ ಪಾಠವನ್ನು ಸರಿಯಾಗಿ ಗ್ರಹಿಸಿದ್ದಾರೆಂದು ತಿಳಿಯಬಹುದು.